ಹೊನ್ನಜ್ಜಿ ಕೊಟ್ಟ ಕಾಸಿನ ಸರ

ನಮ್ಮೂರಿನಲ್ಲಿ ಕದ್ದ ಸಾಮಾನು ದೀಪ ಹಚ್ಚುವ ಹೊತ್ತಿಗೆ ತಾನಾಗಿಯೇ ಮನೆಗೆ ಬಂದುಬಿಡುತ್ತದೆ. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಒಂದು ಸಂಜೆ ಬಂದು ನನ್ನ ಹಿಟ್ಟಿನ ಗಿರಣಿಯ ಮುಂದೆ ನಿಂತು ನೋಡಲಿ. ಯಾರದೋ ಹಿತ್ತಿಲಿನಿಂದ ಎಗರಿಸಿದ ತಾಮ್ರದ ಹಂಡೆ ಉರುಳಿಕೊಂಡು ಬರುತ್ತಿರುತ್ತದೆ, ಅದರ ಹಿಂದೆಯೇ ಒಂದು ಜೊತೆ ಚಪ್ಪಲಿ ಚಟಪಟ ಎನ್ನುತ್ತ ಬರುತ್ತದೆ. ಸೈಕಲ್ಲುಗಳು ತಿರುವಿನಲ್ಲಿ ತಾವೇ ಬೆಲ್ಲು ಹೊಡೆಯುತ್ತವೆ. ಆಡುವ ಮಕ್ಕಳನ್ನು ರಸ್ತೆಯ ಪಕ್ಕಕ್ಕೆ ಎಳೆದುಕೊಂಡು, ಮನೆಯ ಬಾಗಿಲು ತೆರೆದಿಟ್ಟರೆ ನಮ್ಮ ಕೆಲಸ ಮುಗಿಯಿತು. ಬೀಗ ಮಾರುವ ಅಂಗಡಿ ನಮ್ಮೂರಲ್ಲಿ ಒಂದೂ ಇಲ್ಲ.

ಆದರೆ ಕೊಟ್ಟ ಸಾಮಾನು ಬರುವುದಿಲ್ಲ. ಬಾಯಿಬಿಟ್ಟು "ತಗೋ" ಎಂದು ಕೈಯಾರೆ ಕೊಟ್ಟಮೇಲೆ ಅದು ಹೋದಂತೆಯೇ. ಎರವಲು ಕೊಟ್ಟ ಪಾತ್ರೆಯೂ ಬರುವುದಿಲ್ಲ. ಅದನ್ನು ಎಲ್ಲ ಊರಿನವರ ಹಾಗೆ ನಾವೂ ನಾಲ್ಕು ಸಲ ಕೇಳಿ, ಮುಖ ಕೆಡಿಸಿಕೊಂಡೇ ವಾಪಸು ತರಬೇಕು. ಹೀಗಾಗಿ ನಮ್ಮೂರಿಗೆ ಬರುವ ಕಳ್ಳರು ಗೋಡೆ ಹಾರುವುದನ್ನು ಎಂದೋ ಬಿಟ್ಟಿದ್ದಾರೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಹಾಡುಹಗಲು ಮುಂಬಾಗಿಲಿಗೇ ಬಂದು "ಅಮ್ಮಾ" ಎನ್ನುತ್ತಾರೆ. ಹೇಗಾದರೂ ಮಾಡಿ "ತಗೋ" ಎಂದು ಅನ್ನಿಸಿದರೆ ಅವರು ಗೆದ್ದ ಹಾಗೆ. ಕೈಕಾಲು ಗಟ್ಟಿಯಿರುವವರ ಹತ್ತಿರ ಅವರ ಆಟ ನಡೆಯುವುದಿಲ್ಲ. ಒಂಟಿ ಮುದುಕರನ್ನು, ಕಣ್ಣು ಮಂಜಾದವರನ್ನು, ಇಡೀ ದಿನ ಮಾತಾಡಲು ಯಾರೂ ಸಿಗದವರನ್ನು ಹುಡುಕಿಕೊಂಡು ಹೋಗುತ್ತಾರೆ.

ನಮ್ಮ ಬೀದಿಯಲ್ಲಿ ಮೊದಲು ಟೋಪಿ ಹಾಕಿಸಿಕೊಂಡವರು ವಾಮನಯ್ಯನವರು. ಗಡಿಯಾರ ರಿಪೇರಿ ಮಾಡಿಕೊಂಡಿದ್ದವರು, ಕಣ್ಣು ಸೋತಮೇಲೆ ಅಂಗಡಿ ಮುಚ್ಚಿ ಮನೆ ಸೇರಿದ್ದರು. ಖಾಕಿ ಅಂಗಿಯವನೊಬ್ಬ ಬಂದು, ಊರಿನ ಬೆಳ್ಳಿ ಸಾಮಾನಿಗೆಲ್ಲ ಮೊಹರು ಹಾಕುತ್ತಿದ್ದಾರೆ, ಮೊಹರಿಲ್ಲದ್ದು ಇನ್ನುಮೇಲೆ ಕಳುವಾದರೆ ಮನೆಗೆ ನಡೆದು ಬರುವುದಿಲ್ಲ ಎಂದನಂತೆ. ಇವರು ತೀರಿಕೊಂಡ ಹೆಂಡತಿಯ ಬೆಳ್ಳಿ ತಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ತಂದರು.

"ಕೊಟ್ಟೆ ಅಂತ ಬಾಯಲ್ಲಿ ಹೇಳ್ಬಿಡಿ ಸಾರ್. ಇಲ್ದಿದ್ರೆ ಮೊಹರು ಹಾಕೋಕ್ ಮುಂಚೆ ದಾರಿಯಿಂದ್ಲೇ ವಾಪಸ್ ಬಂದ್ಬಿಡುತ್ತೆ" ಎಂದು ಅವನು ನಯವಾಗಿ ಹೇಳಿದ. ಪಾಪ, ಇವರು ಹೇಳಿದರು.

ಆ ಸಂಜೆ ವಾಮನಯ್ಯನವರು ಜಗಲಿಯ ಮೇಲೆ ಕೂತು ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಮರುದಿನವೂ ನೋಡಿದರು. ಸ್ಟೇಷನ್ನಿಗೆ ಹೋದರೆ ಪೇದೆ, "ನಡ್ಕೊಂಡು ಬಂದಿಲ್ಲ ಅಂದ್ರೆ ಅದು ಕಳ್ತನ ಅಲ್ಲ ಸ್ವಾಮಿ, ನೀವೇ ಕೊಟ್ಟಿರೋದು" ಎಂದು ಕಳಿಸಿಬಿಟ್ಟ. ಅವನದೂ ತಪ್ಪಲ್ಲ, ನಮ್ಮೂರಿನ ಕಾನೂನೇ ಹಾಗೆ. ಬೇರೆ ಕಡೆ ಮೋಸಹೋದವರನ್ನು ಕಂಡರೆ ಅಯ್ಯೋ ಎನ್ನುತ್ತಾರೆ, ನಮ್ಮಲ್ಲಿ "ಕೊಟ್ಟಿದ್ದಾದರೂ ಯಾಕೆ" ಎನ್ನುತ್ತಾರೆ. ವಾಮನಯ್ಯನವರು ಬಾಗಿಲು ಹಾಕಿಕೊಂಡರು. ಹಾಲಿನ ಪ್ಯಾಕೆಟ್ಟು ಹೊಸಿಲ ಮೇಲೆ ಬಿಸಿಲಿಗೆ ಬಿದ್ದಿರುತ್ತಿತ್ತು. ನಾನು ಹೋಗಿ ಕರೆದರೂ ಒಳಗಿನಿಂದಲೇ, "ಏನೂ ಬೇಡ ಕಣಮ್ಮ, ಹೋಗು" ಎನ್ನುತ್ತಿದ್ದರು. ತಟ್ಟೆ ಹೋದದ್ದಕ್ಕಿಂತ ನಾಚಿಕೆ ಅವರನ್ನು ಹೆಚ್ಚು ತಿಂದಿತು.

ಆಗ ನನಗೆ ಭಯ ಶುರುವಾಯಿತು. ನನ್ನ ಗಿರಣಿಯ ಎದುರುಮನೆಯಲ್ಲಿ ಹೊನ್ನಜ್ಜಿ ಇದ್ದಳಲ್ಲ, ಅವಳ ಬಗ್ಗೆ. ಹೊನ್ನಜ್ಜಿ ಹರೆಯದಿಂದ ಮುಪ್ಪಿನವರೆಗೂ ಹುಡುಗರ ಹಾಸ್ಟೆಲಿನಲ್ಲಿ ಅಡುಗೆ ಮಾಡಿದವಳು. ಮದುವೆಯಾಗಲಿಲ್ಲ, ಅದಕ್ಕೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಬಾಗಿಲಿಗೆ ಬಂದವರು ಯಾರೇ ಆಗಲಿ, ಪೊರಕೆ ಮಾರುವವನು, ಸೋಪು ಮಾರುವವನು, ವಿಳಾಸ ತಪ್ಪಿ ಬಂದವನು, ಎಲ್ಲರನ್ನೂ ಒಳಗೆ ಕೂರಿಸಿ ಕಾಫಿ ಕೊಡುವಳು. ಅವಳ ಕೊರಳಲ್ಲಿ ಒಂದು ಕಾಸಿನ ಸರವಿತ್ತು. ತನ್ನ ಸಂಬಳದಲ್ಲಿ ಒಂದೊಂದೇ ಕಾಸು ಕೊಂಡು, ಪೋಣಿಸಿ ಮಾಡಿಕೊಂಡದ್ದು. ಅದಕ್ಕೊಂದು ಉದ್ದೇಶವೂ ಇತ್ತು.

"ಹಾಸ್ಟೆಲಲ್ಲಿ ಕೊಟ್ಟ ರೇಷನ್ನಲ್ಲಿ ಅಳೆದೂ ಸುರಿದೂ ಬಡಿಸಿದ್ದೇ ಆಯ್ತು ನನ್ ಜೀವಮಾನ" ಎನ್ನುತ್ತಿದ್ದಳು. "ನಾನ್ ಸತ್ ಮ್ಯಾಕೆ ಇದನ್ನ ಮಾರಿ, ಬೀದಿಯೋರ್ಗೆಲ್ಲ ಹೋಳಿಗೆ ಊಟ ಹಾಕ್ಬೇಕು. ಒಂದ್ಸಲ ಆದ್ರೂ ಕೈ ಬಿಗಿಹಿಡೀದಂಗೆ ಬಡಿಸ್ಬೇಕು ಕಣೇ ಚಂದ್ರಿ."

ಚಂದ್ರಿ ಎಂದರೆ ನಾನು. ಗಿರಣಿ ಚಂದ್ರಿ ಎಂದರೆ ಊರಿಗೆಲ್ಲ ಗೊತ್ತು, ನನ್ನ ಬಾಯಿಯೂ ಗೊತ್ತು.

ನಾನು, ಪಕ್ಕದ ಅಂಗಡಿಯ ಟೈಲರ್ ಖಲೀಲಣ್ಣ ಮತ್ತು ಬೀದಿಯ ಕೆಲವರು ಸೇರಿ ಗಿರಣಿಯಲ್ಲಿ ಸಭೆ ಮಾಡಿದೆವು. ಅಪರಿಚಿತರು ಬಂದರೆ ಗಂಟೆ ಬಾರಿಸಬೇಕು ಎಂದು ಖಲೀಲಣ್ಣ ಪ್ರತಿ ಮುದುಕರ ಮನೆಗೂ ಒಂದೊಂದು ಗಂಟೆ ಕಟ್ಟಿದ. ಹೊನ್ನಜ್ಜಿ ಅದನ್ನು ಕಾಫಿ ಆಯಿತು ಎಂದು ಕೂಗಲು ಬಳಸಿಕೊಂಡಳು. ಗಂಟೆ ಕೇಳಿ ನಾವೆಲ್ಲ ದೊಣ್ಣೆ ಹಿಡಿದು ಓಡಿದರೆ, ಅಲ್ಲಿ ಪೊರಕೆಯವನು ಲೋಟ ಹಿಡಿದು ಕೂತಿರುತ್ತಿದ್ದ, ನಮಗೂ ಲೋಟ ಇಟ್ಟಿರುತ್ತಿದ್ದಳು.

ನನಗೆ ರೇಗಿತು. "ಯಾರಾದ್ರೂ ಏನಾದ್ರೂ ಕೇಳುದ್ರೆ ಇಲ್ಲ ಅಂತ ಅನ್ನಜ್ಜಿ. ಅಷ್ಟೂ ಬರಾಕಿಲ್ವಾ ನಿಂಗೆ" ಎಂದೆ.

"ಬರಾಕಿಲ್ಲ ಕಣವ್ವ. ನಾಲ್ಗೆ ಹೊರಳಾಕಿಲ್ಲ."

"ಕಲ್ತ್ಕೋ."

"ಈ ವಯಸ್ನಲ್ಲಿ ಅದನ್ನ ಕಲ್ತು ಯಾರ್ ಮುಂದೆ ಆಡ್ಲಿ. ಬಾಗ್ಲಿಗ್ ಬಂದೋನ್ಗೆ ಇಲ್ಲ ಅನ್ನೋದಾದ್ರೆ ನಾನು ವಾಮನಯ್ಯನ ತರಾ ಬಾಗ್ಲು ಹಾಕ್ಕೊಂಡು ಒಳೀಕೆ ಕೂತ್ಕಬೇಕು. ಅದ್ಕಿಂತ ಸರ ಹೋಗೋದೇ ವಾಸಿ."

ಸರ ಉಳಿಸಲು ಹೋಗಿ ನಾವು ಅಜ್ಜಿಯನ್ನೇ ಕಟ್ಟಿಹಾಕುತ್ತಿದ್ದೆವು. ಆದರೆ ಸರ ಹೋದರೂ ಅವಳು ಉಳಿಯುತ್ತಿರಲಿಲ್ಲ, ಹೋಳಿಗೆ ಊಟದ ಕನಸು ಅದರ ಜೊತೆಗೇ ಹೋಗುತ್ತಿತ್ತು.

ದಾರಿ ತೋರಿಸಿದ್ದು ನನ್ನ ಕೊಡೆ. ಅಜ್ಜಿಯ ಮನೆಯಲ್ಲಿ ಅದನ್ನು ಮರೆತು ಬಂದಿದ್ದೆ. ಜೋರು ಬಿಸಿಲೆಂದು ಅಜ್ಜಿ ಅದನ್ನು ತೆಗೆದು ಪೊರಕೆಯವನಿಗೆ "ತಗೋ ಮಗ" ಎಂದು ಕೊಟ್ಟುಬಿಟ್ಟಳು. ಸಂಜೆ ನಾನು ಗಿರಣಿಯ ಬೆಲ್ಟು ಬಿಚ್ಚುತ್ತಿದ್ದಾಗ ಕೊಡೆ ಟಕ್ಕು ಟಕ್ಕೆಂದು ಕುಪ್ಪಳಿಸಿಕೊಂಡು ಬಂದು ಮೂಲೆಯಲ್ಲಿ ಒರಗಿ ನಿಂತಿತು. ಅಜ್ಜಿ ನಾಚಿಕೊಂಡು, "ಅಯ್ಯೋ, ನಿಂದಾ ಅದು. ನಾನ್ ಕೊಟ್ಟಿದ್ನಲ್ಲ, ಹೆಂಗ್ ಬಂತು" ಎಂದಳು.

ಕೊಟ್ಟವಳು ಅವಳು, ಆದರೆ ಕೊಡೆ ಅವಳದಲ್ಲ. ತನ್ನದಲ್ಲದ್ದನ್ನು ಕೊಟ್ಟರೆ ಅದು ಕೊಟ್ಟ ಹಾಗಲ್ಲ. ಇಷ್ಟು ವರ್ಷ ಈ ಊರಿನಲ್ಲಿ ಬಾಳಿದ್ದೇವೆ, ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಖಲೀಲಣ್ಣನ ಅಂಗಡಿಗೆ ಓಡಿದೆ. ಅಜ್ಜಿಯ ಸರ ನನ್ನದಾಗಿಬಿಟ್ಟರೆ, ಅವಳು ಯಾವ ಕಳ್ಳನಿಗೆ ಕೊಟ್ಟರೂ ಅದು ಸಂಜೆ ನನ್ನ ಗಿರಣಿಗೆ ಬರುತ್ತದೆ. ಅವಳು ಬಾಗಿಲು ತೆರೆದಿಟ್ಟುಕೊಂಡು, ಎಷ್ಟು ಬೇಕಾದರೂ "ತಗೋ" ಎಂದುಕೊಂಡು, ಹಾಯಾಗಿರಬಹುದು.

ಅಜ್ಜಿ ಒಪ್ಪಿದಳು. ನನ್ನ ಕೈಯಲ್ಲಿ ಸರ ಇಟ್ಟು "ತಗೋ, ಕೊಟ್ಟೆ" ಎಂದಳು. ನಾನು ಅದನ್ನು ಅವಳ ಕೊರಳಿಗೇ ಹಾಕಿ, "ನನ್ ಸರ, ನಿನ್ ಹತ್ರ ಇರ್ಲಿ" ಎಂದೆ. ಪರೀಕ್ಷೆಗೆಂದು ಅವಳು ಅದನ್ನು ಖಲೀಲಣ್ಣನಿಗೆ ಕೊಟ್ಟಳು. ಸಂಜೆಯಾಯಿತು, ದೀಪ ಹತ್ತಿತು, ಯಾರದೋ ಹಂಡೆ ಉರುಳಿ ಹೋಯಿತು, ಸರ ಮಾತ್ರ ಖಲೀಲಣ್ಣನ ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಅವನು ಬೆವೆತುಹೋದ. ಅದು ಈಗ ಕಾನೂನಿನ ಪ್ರಕಾರ ಅವನದೇ. ಬೆಳಗಾಗುವುದನ್ನೇ ಕಾದು ಓಡಿಬಂದು, "ತಗೊಳ್ಳಿ ಅಜ್ಜಿ, ಕೊಟ್ಟೆ, ಮನಸಾರೆ ಕೊಟ್ಟೆ, ಇನ್ನೊಂದ್ಸಲ ನನ್ನ ಈ ಪರೀಕ್ಷೆಗೆ ಕರೀಬೇಡಿ" ಎಂದು ಅವಳ ಕೈಗೆ ಹಾಕಿ ಕೂತುಬಿಟ್ಟ.

ನಾನು ಅಜ್ಜಿಯ ಮುಖ ನೋಡಿದೆ. ಅವಳು ನೆಲ ನೋಡಿದಳು.

"ಬಾಯಲ್ಲಿ ಕೊಟ್ಟೆ ಕಣೇ. ಒಳಗ್ ಇಟ್ಕಂಡ್ಬುಟ್ಟಿದ್ದೆ." ಬಾಯಿಮಾತಿಗೆ ಸಾಮಾನು ಕೈಬಿಟ್ಟು ಹೋಗುತ್ತದೆ, ಆದರೆ ಅದು ಇನ್ನೊಬ್ಬರ ಮನೆಯನ್ನು ತನ್ನದೆಂದು ಹುಡುಕಿಕೊಂಡು ಬರಬೇಕಾದರೆ ಮನಸಾರೆ ಕೊಟ್ಟಿರಬೇಕು.

"ನನ್ ಮೇಲೆ ನಂಬ್ಕೆ ಇಲ್ವಾ ನಿಂಗೆ."

"ಐತೆ. ಆದ್ರೆ ನಾಳೆ ನೀನು ಗಿರಣಿಗೊಂದು ಹೊಸಾ ಮೋಟ್ರು ಬೇಕು ಅಂತ ಮಾರ್ಕಂಡ್ರೆ. ನಿಂದೇ ಆಗಿರ್ತದಲ್ಲ, ಯಾರೂ ಕೇಳಂಗಿಲ್ಲ. ನನ್ ಹೋಳ್ಗೆ ಊಟ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಮುಖ ಊದಿಸಿಕೊಂಡು ಗಿರಣಿಗೆ ಬಂದು, ಯಾರದೋ ರಾಗಿಯನ್ನು ಸಿಟ್ಟಿನಲ್ಲಿ ಎರಡೆರಡು ಸಲ ಬೀಸಿದೆ. ಬೀಸುತ್ತ ಬೀಸುತ್ತ ತಣ್ಣಗಾದೆ. ಅವಳು ಕೇಳಿದ್ದರಲ್ಲಿ ಅನ್ಯಾಯವೇನಿತ್ತು? ಕಳ್ಳನನ್ನು ನಂಬಬೇಡ ಎಂದು ಹೇಳುವುದು ಸುಲಭ, ನನ್ನನ್ನು ನಂಬು ಎಂದು ಹೇಳಬೇಕಾದರೆ ನಾನೂ ಏನಾದರೂ ಬಿಚ್ಚಿಡಬೇಕಲ್ಲ. ನನ್ನ ಕೈಯಲ್ಲಿ ಅವ್ವನ ಬಳೆಗಳಿದ್ದವು. ಅವ್ವ ಸಾಯುವಾಗ ಸೋಪು ಹಚ್ಚಿ ತೆಗೆದು ನನ್ನ ಕೈಗೆ ತೊಡಿಸಿದ ಬಳೆಗಳು. ಹಾಗೇ ಎದುರುಮನೆಗೆ ಹೋಗಿ, ಬಳೆ ಕಳಚಿ ಅಜ್ಜಿಯ ಮಡಿಲಿಗೆ ಹಾಕಿದೆ. "ತಗೋ ಅಜ್ಜಿ. ಕೊಟ್ಟೆ" ಎಂದೆ. ನಿಜವಾಗಿಯೇ ಕೊಟ್ಟಿದ್ದೆ.

ಅಜ್ಜಿ ಬಳೆಗಳನ್ನು ಬಹಳ ಹೊತ್ತು ಸವರಿದಳು. ಆಮೇಲೆ ಸರ ತೆಗೆದು ನನ್ನ ಕೈಗಿಟ್ಟು, "ತಗೋ ಮಗ" ಎಂದಳು. ಬಳೆ ನನ್ನ ಕೈಯಲ್ಲೇ ಇರಲಿ ಎಂದು ತೊಡಿಸಿದಳು, ನಾನು ಸರವನ್ನು ಅವಳ ಕೊರಳಿಗೆ ಹಾಕಿದೆ. ನೋಡುವವರಿಗೆ ಎಲ್ಲ ಮೊದಲಿನ ಹಾಗೇ ಇತ್ತು. ಇನ್ನೊಂದು ಸಲ ಪರೀಕ್ಷೆ ಮಾಡೋಣವೇ ಎಂದರೆ, "ಕೊಟ್ಟಿದ್ನ ಪರೀಕ್ಷೆ ಮಾಡುದ್ರೆ ಅದೇನ್ ಕೊಟ್ಟಂಗಾ" ಎಂದು ಗದರಿದಳು. ಹಾಗಾಗಿ ಅವಳ ಮನಸ್ಸು ನಿಜವಾಗಿ ಬಿಟ್ಟುಕೊಟ್ಟಿತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.

ಸುದ್ದಿ ಬೀದಿಗೆಲ್ಲ ಹರಡಿತು. ನೋಡನೋಡುತ್ತಿದ್ದಂತೆ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿದ್ದದ್ದೂ ಅವರದಾಗಿ ಉಳಿಯಲಿಲ್ಲ. ಖಲೀಲಣ್ಣ ಮುಚ್ಚಿದ ಬಾಗಿಲ ಮುಂದೆ ನಿಂತು ವಾಮನಯ್ಯನವರನ್ನು ಕಾಡಿ, ಅವರ ಗೋಡೆ ಗಡಿಯಾರವನ್ನು ತನ್ನದು ಮಾಡಿಕೊಂಡ, ತನ್ನ ಹೊಲಿಗೆ ಮಿಷನ್ನನ್ನು ಅವರಿಗೆ ಕೊಟ್ಟ. ಅಲ್ಲಿಂದ ಶುರುವಾಯಿತು ತಮಾಷೆ. ತಮ್ಮ ಸಾಮಾನು ಹೇಗಿದೆ ಎಂದು ನೋಡಲು ಎಲ್ಲರೂ ಎಲ್ಲರ ಮನೆಗೂ ಹೋಗಲು ತೊಡಗಿದರು. ಖಲೀಲಣ್ಣ ದಿನಾ ಬೆಳಿಗ್ಗೆ ಗಡಿಯಾರಕ್ಕೆ ಕೀ ಕೊಡುವ ನೆಪದಲ್ಲಿ ವಾಮನಯ್ಯನವರ ಹಾಲಿನ ಪ್ಯಾಕೆಟ್ಟು ಒಳಗಿಟ್ಟು ಬರುತ್ತಿದ್ದ. ಕೆಲವು ದಿನ ಕಳೆದಮೇಲೆ ವಾಮನಯ್ಯನವರೇ ಕೋಲು ಊರಿಕೊಂಡು ಹೊರಬಿದ್ದು, ಟೈಲರ್ ಅಂಗಡಿಯಲ್ಲಿ ಕೂತು, "ನನ್ ಮಿಷನ್ನಿಗೆ ಎಣ್ಣೆ ಬಿಟ್ಯೇನಪ್ಪ, ಸದ್ದು ಸರಿ ಇಲ್ವಲ್ಲ" ಎಂದು ತಲೆ ತಿನ್ನತೊಡಗಿದರು. ಖಲೀಲಣ್ಣ ಒಳಗೊಳಗೇ ಖುಷಿಪಡುತ್ತ, ಮೇಲೆ ಮಾತ್ರ ಬೈದುಕೊಳ್ಳುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಗುರುತಿಲ್ಲದವನೊಬ್ಬ ಬಂದ. ಬಿಳಿ ಅಂಗಿ, ಹೆಗಲಿಗೆ ದೊಡ್ಡ ಬ್ಯಾಗು, ಯಾರೂ ಕಿತ್ತುಕೊಳ್ಳದಿರಲೆಂದು ಅದರ ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದ. ಹೊನ್ನಜ್ಜಿಯನ್ನು ಕಂಡವನೇ ಕಾಲಿಗೆ ಬಿದ್ದ. ನಾನು ಗಿರಣಿ ನಿಲ್ಲಿಸಿ ಕಿವಿಗೊಟ್ಟೆ.

"ಗುರುತು ಸಿಗ್ಲಿಲ್ವಾ ಅಮ್ಮ. ಹಾಸ್ಟೆಲಲ್ಲಿ ನಿಮ್ ಕೈಯ ಅನ್ನ ತಿಂದು ದೊಡ್ಡೋನಾದೆ ನಾನು. ಆ ಸಾರಿನ ರುಚಿ ಇನ್ನೂ ನಾಲ್ಗೆ ಮೇಲಿದೆ."

ಅಜ್ಜಿ ಅವನನ್ನು ಒಳಗೆ ಕೂರಿಸಿದಳು. ಕಾಫಿಯಾಯಿತು. ತಂಗಿಗೆ ಮದುವೆಯಂತೆ, ತಾಯಿಯಿಲ್ಲದ ಹುಡುಗಿಯಂತೆ, ಅನ್ನ ಹಾಕಿದ ಅಮ್ಮನ ಸರವನ್ನು ಧಾರೆಯ ಹೊತ್ತಿಗೆ ಮಾತ್ರ ಹಾಕಿಕೊಳ್ಳುತ್ತಾಳಂತೆ. "ಕೊಟ್ಟೆ ಅಂತ ಒಂದ್ಮಾತು ಹೇಳ್ಬಿಡಿ ಅಮ್ಮ. ಇಲ್ದಿದ್ರೆ ಮಂಟಪದಿಂದ ಎದ್ದು ಬಂದ್ಬಿಡುತ್ತೆ, ಬೀಗರ ಮುಂದೆ ಮರ್ಯಾದೆ ಹೋಗುತ್ತೆ" ಎಂದ.

ನಾನು ರಸ್ತೆ ದಾಟಿ ಹೊಸಿಲಿಗೆ ಬಂದಾಗ ಸರ ಅವನ ಕೈಯಲ್ಲಿತ್ತು. "ತಗೋ ಮಗ, ಕೊಟ್ಟೆ" ಎನ್ನುತ್ತಿದ್ದಳು ಅಜ್ಜಿ. ಅವನು ನನ್ನನ್ನು ನೋಡಿ ಕೈಮುಗಿದು, ಪಕ್ಕದಿಂದ ನುಸುಳಿ, ನಡೆದ ಎನ್ನಲೋ ಓಡಿದ ಎನ್ನಲೋ, ಹೊರಟೇಹೋದ.

"ಏನ್ ಮಾಡ್ಬುಟ್ಟೆ ಅಜ್ಜಿ."

"ಕೂತ್ಕೋ. ಕಾಫಿ ಐತೆ."

ನನ್ನಿಂದ ಕಾಫಿ ಕುಡಿಯಲಾಗಲಿಲ್ಲ. ನನಗೆ ಕೊಟ್ಟಾಗ ಒಂದು ಎಳೆಯಷ್ಟು ಆಸೆಯನ್ನು ಅವಳು ಒಳಗೆ ಉಳಿಸಿಕೊಂಡಿದ್ದರೂ ಸರ ಹೋಯಿತು, ಹೋಳಿಗೆ ಊಟ ಹೋಯಿತು. ಆಮೇಲೆ ಅವಳೂ ಬಾಗಿಲು ಹಾಕಿಕೊಳ್ಳುತ್ತಾಳೆ. ನಾಳೆಯಿಂದ ಎದುರುಮನೆಯ ಹೊಸಿಲ ಮೇಲೂ ಹಾಲಿನ ಪ್ಯಾಕೆಟ್ಟು ಬಿಸಿಲಿಗೆ ಬಿದ್ದಿರುವುದನ್ನು ನಾನು ನೋಡಬೇಕು. ಸಂಜೆಯ ಹೊತ್ತಿಗೆ ಇಡೀ ಬೀದಿ ಹೊರಗೆ ನಿಂತಿತ್ತು. ವಾಮನಯ್ಯನವರೂ ಬಂದು ಖಲೀಲಣ್ಣನ ಸ್ಟೂಲಿನ ಮೇಲೆ ಕೂತರು. ದೀಪಗಳು ಹತ್ತಿದವು. ಒಂದು ಬಕೆಟ್ಟು ಹೋಯಿತು. ಯಾರದೋ ಬನಿಯನ್ ಗಾಳಿಯಲ್ಲಿ ತೇಲಿಕೊಂಡು ಹೋಯಿತು. ಆಮೇಲೆ ರಸ್ತೆ ಖಾಲಿ.

ಅಷ್ಟರಲ್ಲಿ ತಿರುವಿನಲ್ಲಿ ಕೂಗಾಟ ಕೇಳಿಸಿತು. ಒಂದು ಬ್ಯಾಗು ನೆಲಕ್ಕೆ ತಾಗದಂತೆ ಎಗರಿಕೊಂಡು ಬರುತ್ತಿತ್ತು, ಅದರ ಹಿಂದೆ ಬಿಳಿ ಅಂಗಿಯವನು ಬಾಯಿ ಬಾಯಿ ಬಿಡುತ್ತ ಓಡಿಬರುತ್ತಿದ್ದ. ಮಣಿಕಟ್ಟಿನ ಪಟ್ಟಿ ಬಿಗಿದು ಕೂತಿತ್ತು. "ಯಾರಾದ್ರೂ ಬಿಡಿಸ್ರಪ್ಪೋ" ಎನ್ನುತ್ತಿದ್ದ. ಬ್ಯಾಗು ಹೊನ್ನಜ್ಜಿಯ ಮನೆಯನ್ನು ದಾಟಿತು. ಅಲ್ಲಿ ನಿಲ್ಲಲಿಲ್ಲ, ಆ ಕಡೆ ತಿರುಗಲೂ ಇಲ್ಲ. ಸೀದಾ ನನ್ನ ಗಿರಣಿಯ ಒಳಕ್ಕೆ ನುಗ್ಗಿ, ಅವನನ್ನು ಹಿಟ್ಟಿನ ಮೂಟೆಯ ಮೇಲೆ ಕೆಡವಿ, ಜಿಪ್ಪು ಬಿಚ್ಚಿಕೊಂಡಿತು. ಕಾಸಿನ ಸರ ಹೊರಗೆ ಬಂದು ನನ್ನ ಪಾದದ ಹತ್ತಿರ ಸುರುಳಿಯಾಯಿತು.

ನಾನು ಅತ್ತುಬಿಟ್ಟೆ. ಇಡೀ ಬೀದಿಯ ಮುಂದೆ, ಸೆರಗಿನಿಂದ ಮೂಗು ಒರೆಸಿಕೊಂಡು ಅತ್ತೆ. ಅವಳು ನಿಜವಾಗಿಯೂ ಕೊಟ್ಟಿದ್ದಳು. ನನ್ನ ಬಾಯಿ, ನನ್ನ ಸಿಟ್ಟು, ಎಲ್ಲ ಗೊತ್ತಿದ್ದೂ ಒಂದಿಷ್ಟೂ ಉಳಿಸಿಕೊಳ್ಳದೆ ಕೊಟ್ಟಿದ್ದಳು.

ಹಿಟ್ಟಿನಲ್ಲಿ ಬೆಳ್ಳಗಾಗಿದ್ದವನು, "ತಪ್ಪಾಯ್ತು ಸಾರ್, ಬಿಟ್ಬಿಡಿ ಸಾರ್" ಎಂದು ಖಲೀಲಣ್ಣನಿಗೆ ಕೈಮುಗಿಯುತ್ತಿದ್ದ. ವಾಮನಯ್ಯನವರು ಸ್ಟೂಲಿನಿಂದ ಎದ್ದರು. "ಈ ಸಾರ್ ಅನ್ನೋ ದನಿ ನಂಗ್ ಗೊತ್ತು. ಖಾಕಿ ಅಂಗಿ ಎಲ್ಲಪ್ಪ" ಎಂದರು. ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿದ ಬೆಳ್ಳಿ ತಟ್ಟೆ ಸಿಕ್ಕಿತು. ಮಾರಲಿಲ್ಲವೇಕೆ ಎಂದರೆ, ಈ ಊರಿನ ಸಾಮಾನು ಎಂದರೆ ಯಾವ ಅಂಗಡಿಯವನೂ ಮುಟ್ಟುವುದಿಲ್ಲವಂತೆ, ಯಾವ ಸಂಜೆ ಕಪಾಟಿನಿಂದ ಎದ್ದು ಹೋಗುತ್ತದೋ ಎಂಬ ಹೆದರಿಕೆ. "ತಗೊಳ್ಳಿ ಸಾರ್, ಕೊಟ್ಟೆ" ಎಂದು ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ವಾಮನಯ್ಯನವರು ಅದನ್ನು ಎದೆಗೆ ಅವುಚಿಕೊಂಡರು.

ಈ ಸಲ ಪೇದೆ ತಕರಾರು ಮಾಡುವ ಹಾಗಿರಲಿಲ್ಲ. ಸಾಮಾನು ನಡೆದು ಬಂದಿತ್ತು, ಬೀದಿಯೇ ಕಣ್ಣಾರೆ ನೋಡಿತ್ತು. ಆದರೆ ಸ್ಟೇಷನ್ನಿಗೆ ಕರೆದೊಯ್ಯುವ ಮುಂಚೆ ಹೊನ್ನಜ್ಜಿ ಅಡ್ಡ ನಿಂತಳು. "ಓಡಿ ಓಡಿ ಸುಸ್ತಾಗವ್ನೆ. ಉಂಡ್ಕಂಡ್ ಹೋಗ್ಲಿ" ಎಂದು ಜಗಲಿಯ ಮೇಲೆ ತಟ್ಟೆ ಹಾಕಿ ಮುದ್ದೆ ಬಡಿಸಿದಳು. ಅವನು ಎರಡು ತುತ್ತು ನುಂಗಿ, ಸಾರು ಸುರಿದುಕೊಂಡು, ಮುಖ ಒಂಥರಾ ಮಾಡಿಕೊಂಡ.

"ಹೆಂಗೈತೆ ಸಾರು" ಎಂದಳು ಅಜ್ಜಿ. ಅವನು ತಲೆ ತಗ್ಗಿಸಿದ. "ನನ್ ಕೈಯ ಅನ್ನ ಉಂಡಿದ್ ಹುಡುಗ್ರು ಒಬ್ರೂ ನನ್ ಸಾರು ಚೆಂದಾಗೈತೆ ಅಂದಿಲ್ಲ ಕಣಪ್ಪ. ಈಗ್ಲೂ ಬಂದ್ರೆ ಅಣಕುಸ್ತಾರೆ. ನೀನು ರುಚಿ ಅಂದ್ಯಲ್ಲ, ಆಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಯಾಕಜ್ಜಿ ಕೊಟ್ಟೆ" ಎಂದೆ ನಾನು.

"ಇಲ್ಲ ಅನ್ನಾಕೆ ಬರಾಕಿಲ್ಲ ಅಂತ ಹೇಳಿಲ್ವಾ ನಿಂಗೆ. ಅಲ್ಲದೆ ನಂದೇನ್ ಹೋಗ್ತಿತ್ತು, ಸರ ನಿಂದು."

ಅವಳು ನಕ್ಕಳು. ನನಗೂ ನಗು ಬಂತು. ಆ ನಗುವಿನಲ್ಲೇ ನನಗೆ ಒಂದು ವಿಷಯ ಹೊಳೆಯಿತು. ಸರ ನನ್ನದು. ನನ್ನದಾದ ಮೇಲೆ ಅದನ್ನು ಯಾವಾಗ, ಯಾತಕ್ಕೆ ಮಾರಬೇಕೆನ್ನುವುದು ನನ್ನಿಷ್ಟ. ಮರುದಿನವೇ ಅಕ್ಕಸಾಲಿಯ ಹತ್ತಿರ ಹೋಗಿ, ಬೇಕಾದಷ್ಟು ಕಾಸು ಬಿಡಿಸಿ, ಅಕ್ಕಸಾಲಿ ಕೇಳಿದಂತೆ "ಕೊಟ್ಟೆ" ಎಂದು ಬಾಯಿಬಿಟ್ಟು ಹೇಳಿ ಬಂದೆ. ಹೊನ್ನಜ್ಜಿ ಬೀದಿ ಹಾರಿಹೋಗುವ ಹಾಗೆ ಕೂಗಾಡಿದಳು. "ನಾನಿನ್ನೂ ಸತ್ತಿಲ್ಲ ಕಣೇ. ಸತ್ ಮ್ಯಾಕೆ ಅಂದಿದ್ದೆ."

"ಸತ್ ಮ್ಯಾಕೆ ನೀನ್ ಹೆಂಗ್ ಉಣ್ತೀಯ" ಎಂದೆ.

ನನ್ನ ಗಿರಣಿಯ ಮುಂದೆ ಚಪ್ಪರ ಹಾಕಿದೆವು. ಬೇಳೆ ಬೇಯಿಸಿದವರು ಯಾರೋ, ಹೂರಣ ರುಬ್ಬಿದವರು ಯಾರೋ, ಯಾವ ಪಾತ್ರೆ ಯಾರದೆಂದು ಕೇಳುವವರೇ ಇಲ್ಲ. ಮೊದಲನೆಯ ಪಂಕ್ತಿಯಲ್ಲಿ ಹೊನ್ನಜ್ಜಿಯನ್ನು ಕೂರಿಸಿದೆವು. ಬಡಿಸಿಕೊಂಡು ಅಭ್ಯಾಸವಿಲ್ಲದ ಅವಳು ಎರಡೆರಡು ಸಲ ಏಳಲು ಹೋದಳು, ಪಕ್ಕದಲ್ಲಿ ಕೂತ ವಾಮನಯ್ಯನವರು ಸೆರಗು ಜಗ್ಗಿ ಕೂರಿಸಿದರು. ಕೊರಳಲ್ಲಿ ಕಾಸುಗಳು ಕಡಿಮೆಯಾದ ಸರವೇ ಇತ್ತು. ಹೋಳಿಗೆಯ ಮೇಲೆ ನಾನು ತುಪ್ಪ ಸುರಿದೆ, ಸಾಕು ಎಂದರೂ ಬಿಡಲಿಲ್ಲ. ಅವಳು ಒಂದು ತುತ್ತು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದಳು.

ಎರಡನೆಯ ಸಲ ಹೋಳಿಗೆ ಬಡಿಸುವಾಗ ಚಪ್ಪರದ ಅಂಚಿನಲ್ಲಿ ಯಾರೋ ಬಂದು ನಿಂತರು. ಗುರುತಿಲ್ಲದ ಮುಖ, ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಬ್ಯಾಗು. ಸೋಪು ಮಾರುವವನಿರಬಹುದು, ಇನ್ನೇನೋ ಇರಬಹುದು. ಬಡಿಸುತ್ತಿದ್ದವರ ಕೈಗಳು ತಡೆದವು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಯಾರಪ್ಪ ಅದು, ನಿಂತ್ಕಂಡಿದ್ದೀಯ" ಎಂದಳು ಹೊನ್ನಜ್ಜಿ. "ಬಾ, ಕೂತ್ಕೋ."

ವಾಮನಯ್ಯನವರು ತಮ್ಮ ಎಲೆಯನ್ನು ಎಳೆದುಕೊಂಡು, ಪಕ್ಕಕ್ಕೆ ಸರಿದು, ಅವನಿಗೆ ಜಾಗ ಮಾಡಿಕೊಟ್ಟರು.